ಮೂಲಿಮಟ್ಟ

ಲಂಬಕೋನ ಅಂದರ ತೊಂಬತ್ತು ಅಂಶ
ಅಂತ ಹಲಗಿ ಮ್ಯಾಲ ಬರೆದೆ.
ನಾಲ್ಕನೇತ್ತಾ ಓದೋ ಹುಡುಗರು
ತೊಂಬತ್ತನ್ನ ಎಣಿಸಿ ಬಲ್ಲರು.
ಅಂಶ ಅಂದರೇನು ಅಂತ ಯಾರೂ ಕೇಳಲಿಲ್ಲ,
ಕೇಳಿದ್ದರ ನನಗೂ ಕಷ್ಟ ಇತ್ತು.

ಮರುದಿನ ಮಶಾಕ ಪಾಟಿಚೀಲದಾಗ
ಕಬ್ಬಿಣದ್ದೊಂದು ಹೊತ್ತು ತಂದ,
ಅಪ್ಪನ ಮೂಲಿಮಟ್ಟ.
ಹಿಡಿಯೋ ಕಡೆ ಸವೆದು ಬೆಳ್ಳಿಯಂಗ ಹೊಳೀತಿತ್ತು.
'ಟೀಚರ, ನೀವು ಹೇಳಿದ್ದು ಇದೇ ಏನ್ರಿ?'

ಇದೇ ಅಂದೆ. ಅಷ್ಟೇ ಸಾಕಾಯ್ತು.
ಹಾಜರಿ ಪುಸ್ತಕಕ್ಕ ಹಚ್ಚಿ ನೋಡಿದರು, ಸರಿ.
ಕಿಡಕಿ, ಸರಿ. ಊಟದ ತಾಟಿಗೆ
ಮೂಲಿನೇ ಇಲ್ಲ, ಬಿದ್ದು ನಕ್ಕರು.
ಮೋನಮ್ಮ ಮೊಣಕೈ ಮಡಿಚಿ ಒಳಗ ಹೊಂದಿಸಿಕೊಂಡು
ಭಾಳ ಹೊತ್ತು ಕುಂತಳು.
ಹಲಗಿ ಮ್ಯಾಲಿನ ನನ್ನ ಲಂಬಕೋನಕ್ಕೂ ಹಚ್ಚಿದರು.
ಯಾರೂ ಏನೂ ಅನಲಿಲ್ಲ.
ಅಳಿಸಿ ಮತ್ತೊಮ್ಮೆ ಬರೆದೆ.

ಕಾಲ ಕೆಳಗಿನ ಫರಸಿ ಮಾತ್ರ ಎಲ್ಲೂ ತಪ್ಪಲಿಲ್ಲ.
ಶಹಾಬಾದದ ಕಲ್ಲು; ನಾಲ್ಕು ಫರಸಿ ಕೂಡೋ ಕಡೆ
ಸೂಜಿ ಮೊನಿಯಷ್ಟು ಜಾಗ.
ಬಿಂದುವಿಗೆ ಉದ್ದಿಲ್ಲ, ಅಗಲಿಲ್ಲ ಅಂತ ಹೋದ ವಾರ ಹೇಳಿದಾಗ
ನನ್ನ ಮಾರಿ ನೋಡಿದ್ದ ಹುಡುಗರು
ಈಗ ಬಗ್ಗಿ ನೆಲ ನೋಡಿದರು.
ಅಲ್ಲೊಂದು ಇರುವೆ
ಯಾವ ಫರಸಿಗೆ ಹೋಗಬೇಕೋ ತಿಳೀದ ನಿಂತಿತ್ತು.

ಹನ್ನೊಂದಕ್ಕ ಬಂದಗಿಸಾಬ ಬಾಗಲದಾಗ ಬಂದು ನಿಂತ.
ಹುಬ್ಬಿನ ಮ್ಯಾಲೆಲ್ಲ ಕಲ್ಲಿನ ಹಿಟ್ಟು.
'ಕೆಲಸ ನಿಂತದ ಅಕ್ಕೋರೆ, ಹುಡುಗ ಸಾಮಾನ ತಂದಾನ.'
ಒಳಗ ಬರ್ರಿ ಅಂದರ ಚಪ್ಪಲಿ ಹೊರಗ ಬಿಟ್ಟ.
ತಾನೇ ಹಾಸಿದ ನೆಲದ ಮ್ಯಾಲ
ಮೊದಲ ದಿನ ಸಾಲಿಗೆ ಬಂದವನಂಗ ನಡೆದ.

ಇದಿಲ್ಲದಾಗ ಏನು ಮಾಡ್ತೀರಿ, ಕೇಳಿದೆ.
'ಒಂದು ದಾರ ಕೊಡ್ರಿ.
ಈ ಗ್ವಾಡಿಗುಂಟ ಮೂರು ಗೇಣು, ಆ ಗ್ವಾಡಿಗುಂಟ ನಾಕು,
ಅಡ್ಡ ಹಿಡಿದರ ಐದು ಬರಬೇಕು.
ಬಂದರ ಮೂಲಿ ಖರೇ. ಬರದಿದ್ದರ
ಆ ಮನಿ ಬೀಳೋತನಕ ಅಳತದ್ರಿ.'
ನಾ ಬಾಯಿಪಾಠ ಮಾಡಿ ಬರೆದು
ಐದಕ್ಕ ಐದು ಅಂಕ ತಗೊಂಡಿದ್ದ ಪ್ರಮೇಯ
ಅವನ ಹೆಬ್ಬೆರಳು ಕಿರುಬೆರಳ ನಡುವ
ಗೇಣುಗೇಣಾಗಿ ನಡೀತಿತ್ತು.

ಬಾಗಲ ಮಗ್ಗಲಿನ ಮೂಲ್ಯಾಗ ಹಿಡಿದ.
ಐದು ಗೇಣು ಮುಗಿದರೂ
ದಾರ ಎರಡು ಬೆರಳು ಸಾಲಲಿಲ್ಲ.
'ಗ್ವಾಡಿ ನಾ ಕಟ್ಟಿಲ್ರಿ,' ಗಡಬಡಿಸಿ ಅಂದ.
ಆಮ್ಯಾಲ, 'ಇಲ್ಲಿ ಬಿಚ್ಚಿದ್ದು ಅಲ್ಲಿ ಮುಚ್ಚಿರಬೇಕು,'
ಅಲಮಾರಿ ನಿಂತ ಮೂಲಿಗೆ ಕೈ ತೋರಿಸಿ
ಸಾಮಾನ ಹೆಗಲಿಗೇರಿಸಿ ಹೋದ.

ಬೆಂಚು ಎಳೆದು ಮೋನಮ್ಮ ಹತ್ತಿದಳು.
ಅಲಮಾರಿ ನೆಟ್ಟಗದ, ಗ್ವಾಡಿ ಸೊಟ್ಟ.
ಹಿಂದ, ಜೇಡರಬಲಿ ಕತ್ತಲದಾಗ
'ಟೀಚರ, ಈ ಸಂದಿಗೂ ಮೂರು ಮೂಲಿ ಅವರಿ!'
ತ್ರಿಕೋನ. ನಾ ಬರೆಯದ್ದು.

ತಂತಿ ಬಗ್ಗಿಸಿ ಇಳಿಬಿಟ್ಟರು.
ಒಂದು ರಿಬ್ಬನ್ ಬಂತು. ಯಾರದೋ ಗುಣಾಕಾರದ ಹಾಳಿ.
ಆಮ್ಯಾಲ ಜಂಗು ಹಿಡಿದ ಕೈವಾರ.

ಸಾಲಿಗೆ ಇದ್ದದ್ದು ಅದೊಂದೇ.
ಹೋದ ವರ್ಷ ದೀಪಾವಳಿ ರಜೆ ಮುಂದ ಕಳೆದಾಗ
ಸಾಬಮ್ಮನ ಚೀಲ ಇದೇ ಫರಸಿ ಮ್ಯಾಲ ಝಾಡಿಸಿದ್ದೆ.
ಅರ್ಧ ರೊಟ್ಟಿ ಬಿದ್ದಿತ್ತು, ಒಡೆದ ಪಾಟಿ ತುಣುಕು.
ಉಳಿದ ಮೂವತ್ತು ಚೀಲ ನಾ ಮುಟ್ಟಿರಲಿಲ್ಲ.

ಈಗ ಎಲ್ಲಾರೂ ಕೈವಾರ ನೋಡಲತ್ತಾರ.
ಸಾಬಮ್ಮ ನನ್ನ ನೋಡಲತ್ತಾಳ.

'ಅವತ್ತ ನಾ ತಪ್ಪಿದ್ದೆ, ಸಾಬಮ್ಮ' ಅಂದೆ.
ಊಟದ ಗಂಟಿ ಹೊಡೀತು, ಒಬ್ಬರೂ ಏಳಲಿಲ್ಲ.
ಹಿಂದಿನ ಸಾಲಿನಿಂದ ಮಶಾಕ,
ಕೈಯಾಗ ಇನ್ನೂ ದಾರ:
'ಎಷ್ಟ ತಪ್ಪಿದ್ರಿ ಟೀಚರ?
ಎರಡು ಬೆರಳ?'